ಬಂಡೀಪುರದಲ್ಲಿ ರಾತ್ರಿ ಗೇಟ್ ಮುಚ್ಚೇ ಇರ್ಲಿ, ಮೇಲ್ಸೇತುವೆನೂ ಬೇಡ

ಮಾನ್ಯ ಸಂಪಾದಕರೇ,

ಬಂಡೀಪುರದ ಹುಲಿ ಕಾಡಿನ ಮಧ್ಯೆ ಕೇರಳಕ್ಕೆ ಹೋಗೋ ಹೆದ್ದಾರೀಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಹಾಕ್ತಾರೆ. ಅದನ್ನ ತೆಗೆದು ರಾತ್ರಿನೂ ಗಾಡಿ ಬಿಡ್ಬೇಕು ಅನ್ನೋ ಮಾತು ಆಗಾಗ ಏಳ್ತಾನೇ ಇರುತ್ತೆ, ಎದ್ದಾಗೆಲ್ಲ ಗುಂಡ್ಲುಪೇಟೆ ರೈತರಿಗೂ ಅನುಕೂಲ ಆಗುತ್ತೆ ಅಂತ ನಮ್ಮನ್ನೂ ಎಳೀತಾರೆ. ನಾನು ಇದೇ ತಾಲ್ಲೂಕಿನ ರೈತ. ಟೊಮ್ಯಾಟೊ, ಬೀನ್ಸ್, ಓಣಂ ಟೈಮಿಗೆ ಚೆಂಡು ಹೂವು ಬೆಳೀತೀನಿ, ಮಾಲು ಹೋಗೋದೇ ಕೇರಳಕ್ಕೆ. ಅದಕ್ಕೇ ಬರೀತಿದೀನಿ, ದಯವಿಟ್ಟು ನಮ್ಮ ಹೆಸರು ಹೇಳ್ಕೊಂಡು ಆ ಗೇಟ್ ತೆಗೀಬೇಡಿ.

ಮೊದಮೊದಲು ಕಷ್ಟ ಆಯ್ತು, ಸುಳ್ಳು ಹೇಳಲ್ಲ. ಒಂದ್ಸಲ ನಮ್ಮ ಹೂವಿನ ಗಾಡಿ ಈ ಹೆದ್ದಾರೀಲಿ ಗುಂಡ್ಲುಪೇಟೆ ಕಡೆ ಇರೋ ಮದ್ದೂರು ಚೆಕ್‌ಪೋಸ್ಟಿಗೆ ಹತ್ತೇ ನಿಮಿಷ ಲೇಟಾಗಿ ಬಂದು ರಾತ್ರಿಯೆಲ್ಲ ಅಲ್ಲೇ ನಿಂತು ಬೆಳಿಗ್ಗೆ ಹೊತ್ತಿಗೆ ಹೂವೆಲ್ಲ ಬಾಡಿತ್ತು. ಆಮೇಲೆ ಕೊಯ್ಲು, ಲೋಡಿಂಗ್ ಎಲ್ಲ ಬೇಗ ಮುಗಿಸೋದು ರೂಢಿ ಆಯ್ತು, ಈಗ ಏಳೂವರೆ ಒಳಗೆ ಗಾಡಿ ದಾಟಿರುತ್ತೆ.

ಗೇಟ್ ಇಲ್ದೇ ಇದ್ದ ಕಾಲನೂ ನೋಡಿದೀನಿ. ಒಂದು ರಾತ್ರಿ ಮದ್ದೂರು ದಾಟಿ ಸ್ವಲ್ಪ ದೂರ ಹೋಗಿದ್ವಿ, ಮುಂದೆ ಹೋದ ಯಾವುದೋ ಲಾರಿ ಕಡವೆಗೆ ಗುದ್ದಿ ಹೋಗ್ಬಿಟ್ಟಿತ್ತು. ಹಿಂದಿನ ಎರಡೂ ಕಾಲು ಬಿದ್ದೋಗಿತ್ತು, ಮುಂಗಾಲಲ್ಲೇ ಏಳೋಕೆ ನೋಡ್ತಿತ್ತು, ಗೊರಸು ಟಾರ್ ಮೇಲೆ ಕೆರೆಯೋ ಸದ್ದು ಇವತ್ತಿಗೂ ಕಿವೀಲಿದೆ, ಮರಿ ಪಕ್ಕದ ಲಂಟಾನ ಪೊದೆ ಹತ್ರ ನಿಂತು ನಮ್ಮ ಲೈಟನ್ನೇ ನೋಡ್ತಿತ್ತು, ಅಷ್ಟರಲ್ಲಿ ಹಿಂದಿನ ಗಾಡಿಯೋರು ಹಾರ್ನ್ ಮೇಲೆ ಹಾರ್ನ್.

2009ರ ಜೂನಲ್ಲಿ ಚಾಮರಾಜನಗರದ ಡಿಸಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ನಿಲ್ಸಿದ್ರು, ಒತ್ತಡ ಬಂದು ಒಂದೇ ವಾರದಲ್ಲಿ ವಾಪಸ್ ತಗೊಂಡ್ರು. ಹೈಕೋರ್ಟಿಗೆ ಕೇಸ್ ಹೋಗದೇ ಇದ್ದಿದ್ರೆ ಅಲ್ಲಿಗೇ ಮುಗೀತಿತ್ತು. 2010ರ ಮಾರ್ಚಲ್ಲಿ ಹೈಕೋರ್ಟ್ ನಿಷೇಧ ಎತ್ತಿಹಿಡೀತು, ಕೇರಳದವರು ಸುಪ್ರೀಂ ಕೋರ್ಟಿಗೆ ಹೋದ್ರು, 2019ರಲ್ಲಿ ಅಲ್ಲಿ ಹಗಲೂ ಯಾಕೆ ಮುಚ್ಬಾರ್ದು ಅನ್ನೋ ಪ್ರಶ್ನೆನೇ ಬಂತು. ವಯನಾಡಿನ ಜನಕ್ಕೆ ಕೋಪ ಬಂದಿದ್ದು ತಪ್ಪಲ್ಲ, ಅವರ ಓಡಾಟಕ್ಕೆಲ್ಲ ಈ ರಸ್ತೆ ಬೇಕು, ಆದ್ರೆ ಆಂಬುಲೆನ್ಸನ್ನ ರಾತ್ರಿ ಯಾರೂ ತಡೆಯಲ್ಲ, ಎರಡೂ ರಾಜ್ಯದ ಕೆಲವು ಬಸ್ಸೂ ಬಿಡ್ತಾರೆ. ನಾಗರಹೊಳೆ ಕಾಡಿನೊಳಗೆ ಕೇರಳಕ್ಕೆ ಹೋಗೋ ಎಚ್.ಡಿ.ಕೋಟೆ–ಬಾವಲಿ ರಸ್ತೆ 2008ರಿಂದ ಸಂಜೆ 6ಕ್ಕೇ ಬಂದ್, ಅದ್ರ ಬಗ್ಗೆ ಇಷ್ಟು ಗಲಾಟೆ ಇಲ್ಲ.

ಈಗ ಗೇಟ್ ತೆಗೀರಿ ಅನ್ನೋ ಬದ್ಲು ಮೇಲ್ಸೇತುವೆ ಮಾಡಿ, ಕೆಳಗೆ ಪ್ರಾಣಿ ಓಡಾಡ್ಲಿ ಅಂತಾರೆ. 2018ರಲ್ಲಿ ಕೇಂದ್ರದ ಹೆದ್ದಾರಿ ಇಲಾಖೆನೇ ಇಂಥ ಪ್ಲಾನ್ ಮುಂದಿಟ್ಟಿತ್ತು. ಕೇಳೋಕೆ ಚೆಂದ, ಆದ್ರೆ ಒಂದೊಂದು ಕಂಬಕ್ಕೂ ಪೈಲಿಂಗ್ ಮಷಿನ್, ಜೆಸಿಬಿ, ಟಿಪ್ಪರ್, ಕೆಲಸದೋರ ಶೆಡ್ಡು, ರಾತ್ರಿಯಿಡೀ ಲೈಟು ಬೇಕು, ವರ್ಷಗಟ್ಲೆ ಕಾಡಿನ ನಟ್ಟನಡುವೆ ಇದೇ ನಡೀತಿದ್ರೆ ನಾಗರಹೊಳೆ, ಮುದುಮಲೆ, ವಯನಾಡಿಗೆಲ್ಲ ಇಲ್ಲಿಂದ್ಲೇ ಓಡಾಡೋ ಆನೆ ಎಲ್ಲಿಗೆ ಹೋಗ್ಬೇಕು? ನಮ್ಮ ಹೊಲಕ್ಕೇ ಬರುತ್ತೆ, ಈಗ್ಲೇ ಬರ್ತಿದೆ. ಹುಲಿ ಯೋಜನೆ ಶುರುವಾದ 1973ರಲ್ಲೇ ಅದಕ್ಕೆ ಸೇರಿದ ಕಾಡು ಇದು. ಹುಲಿ ಕಾಡಿನ ಜಾಗನ ಬೇರೆ ಕೆಲಸಕ್ಕೆ ಕೊಡ್ಬೇಕು ಅಂದ್ರೆ ಹುಲಿ ಪ್ರಾಧಿಕಾರದ ಸಲಹೆ ತಗೊಂಡು ವನ್ಯಜೀವಿ ಮಂಡಳಿ ಒಪ್ಬೇಕು ಅಂತ ಕಾನೂನೇ ಇದೆ. ಇಬ್ರು ಮಂತ್ರಿಗಳು ಕೂತು ಮಾತಾಡ್ಕೊಂಡು ತೀರ್ಮಾನ ಮಾಡೋ ವಿಷಯ ಅಲ್ಲ ಇದು.

ಯಾವ ಪಕ್ಷದ ಸರ್ಕಾರ ಇದ್ರೂ ನಿಷೇಧದ ಪರವಾಗಿ ಕೋರ್ಟಲ್ಲಿ ಹೇಳ್ಕೊಂಡು ಬಂದ ಮಾತನ್ನ ಬದಲಿಸ್ಬಾರ್ದು. ದುಡ್ಡು ಹಾಕೋದಾದ್ರೆ ಕೇರಳಕ್ಕೆ ಹೋಗೋ ಇನ್ನೊಂದು ದಾರಿ, ಹುಣಸೂರು–ಗೋಣಿಕೊಪ್ಪ–ಕುಟ್ಟ ರಸ್ತೆಗೆ ಹಾಕಿ ವರ್ಷಪೂರ್ತಿ ಚೆನ್ನಾಗಿಡ್ಲಿ, ದೂರ ಸ್ವಲ್ಪ ಜಾಸ್ತಿ ಆಗ್ಬಹುದು, ಮಾಲು ಹೋಗುತ್ತೆ. ಮದ್ದೂರು ಗೇಟ್ ಈಚೆಗೆ ಲೇಟಾಗಿ ಬಂದ ಡ್ರೈವರ್‌ಗಳಿಗೆ ಗಾಡಿ ನಿಲ್ಸೋಕೆ ಸರಿಯಾದ ಜಾಗ, ಕುಡಿಯೋ ನೀರು, ಶೌಚಾಲಯ, ಮೇಲೊಂದು ಶೀಟಿನ ಚಪ್ಪರ ಮಾಡಿಕೊಡ್ಲಿ. ಹೂವಿನ ಗಾಡಿ ಅವತ್ತು ರಾತ್ರಿ ನಿಂತಿದ್ದಾಗ ನಮ್ಮ ಡ್ರೈವರ್ ಕೇಳಿದ್ದೂ ಇಷ್ಟೇ.

ಇಂತಿ,
ಒಬ್ಬ ರೈತ, ಗುಂಡ್ಲುಪೇಟೆ ತಾಲ್ಲೂಕು