ಭಾನುವಾರದ ಓದಿಗೆ: ಗಲಿವರನ ಎರಡು ಭಾಗಗಳು

ಗೆಳೆಯರೇ, ಈ ಭಾನುವಾರ ಸಂಜೆ 5ಕ್ಕೆ ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸಕಥನದ ಚರ್ಚೆ ಇದೆ. ಮೊದಲ ಭಾಗದ ಲಿಲಿಪುಟ್, ಅಂದರೆ ಪುಟಾಣಿ ಮನುಷ್ಯರ ನಾಡು, ಎಲ್ಲರಿಗೂ ಗೊತ್ತಿರುವುದರಿಂದ ಎರಡನೆಯ ಮತ್ತು ನಾಲ್ಕನೆಯ ಭಾಗಗಳನ್ನು ಓದಿಕೊಂಡು ಬನ್ನಿ. ಮಕ್ಕಳ ಸಂಕ್ಷಿಪ್ತ ಪುಸ್ತಕ ಸಾಲದು. ನಾಲ್ಕನೆಯ ಭಾಗ ಅದರಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ.

ಎರಡನೆಯ ಭಾಗ ದೈತ್ಯರ ನಾಡಿನ ಕಥೆ. ಸಿಡಿಮದ್ದು ಮಾಡುವುದನ್ನು ಹೇಳಿಕೊಡುತ್ತೇನೆಂದು ಗಲಿವರ್ ಹೆಮ್ಮೆಯಿಂದ ಮುಂದೆ ಬಂದಾಗ ದೈತ್ಯರ ಅರಸ ನಡುಗಿಹೋಗುತ್ತಾನೆ. ಅರ್ಧ ರಾಜ್ಯ ಹೋದರೂ ಸರಿ, ಆ ಗುಟ್ಟು ತನಗೆ ಬೇಡ ಎನ್ನುತ್ತಾನೆ. ಒಂದು ತೆನೆ ಬರುವ ನೆಲದಲ್ಲಿ ಎರಡು ತೆನೆ ಬೆಳೆದವನು ರಾಜಕಾರಣಿಗಳ ಇಡೀ ಕುಲಕ್ಕಿಂತ ಮೇಲು ಎಂಬುದೂ ಅವನದೇ ಮಾತು.

ನನ್ನನ್ನು ಬಿಡದೆ ಕಾಡುವುದು ಮಾತ್ರ ನಾಲ್ಕನೆಯ ಭಾಗದ ಯಾಹೂಗಳ ಪ್ರಸಂಗ. ಆ ನಾಡಿನಲ್ಲಿ ಮಾತು, ವಿವೇಕ ಇರುವ ಕುದುರೆಗಳೇ ಒಡೆಯರು. ಮನುಷ್ಯರೂಪದ ಆ ಪ್ರಾಣಿಗಳು ಹೊಳೆಯುವ ಕಲ್ಲುಗಳಿಗಾಗಿ ದಿನಗಟ್ಟಲೆ ಉಗುರಿನಿಂದ ನೆಲ ಬಗೆಯುತ್ತವೆ, ಗೂಡಿನಲ್ಲಿ ಬಚ್ಚಿಡುತ್ತವೆ. ಒಡೆಯನಾದ ಕುದುರೆ ಪರೀಕ್ಷಿಸಲೆಂದು ಒಂದು ಯಾಹೂ ಹೂತಿಟ್ಟ ರಾಶಿಯನ್ನು ತೆಗೆಸಿಬಿಡುತ್ತದೆ. ಯಾಹೂ ಗೋಳಾಡುತ್ತದೆ, ಕಂಡವರನ್ನು ಕಚ್ಚುತ್ತದೆ, ಅನ್ನ ನಿದ್ರೆ ಬಿಟ್ಟು ಸೊರಗುತ್ತದೆ. ಕಲ್ಲುಗಳು ಮರಳಿದೊಡನೆ ಗೆಲುವಾಗುತ್ತದೆ, ಆದರೆ ಅವನ್ನು ಇನ್ನೂ ಗುಟ್ಟಾದ ಜಾಗಕ್ಕೆ ಸಾಗಿಸುತ್ತದೆ.

ಇದನ್ನು ಬರೆದವನು ಮನುಷ್ಯದ್ವೇಷಿಯೇ, ಮನುಷ್ಯನಿಗಾಗಿ ಮರುಗಿದವನೇ? ನಾನು ಎರಡನೆಯದನ್ನು ನಂಬುತ್ತೇನೆ. ಒಪ್ಪದವರು ಪುಟ ಗುರುತು ಮಾಡಿಕೊಂಡು ಬನ್ನಿ.