ಹೊಟ್ಟೆನೋವಿನ ಬೆನ್ನು ಹತ್ತಿದ ಮಗಳಿಗೆ

ಸಾಧನಕೇರಿ, ಧಾರವಾಡ

ಚಿ. ಶಾಂಭವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕರುಳಿನ ನೋವಿನ ಬಗ್ಗೆ ನೀನು ಕಳಿಸಿದ ಪಿಎಚ್.ಡಿ. ಸಂಶೋಧನಾ ಪ್ರಸ್ತಾವವನ್ನು ಓದಿದೆ. ವಿಷಯ ಒಳ್ಳೆಯದು, ಭಾಷೆಯೂ ಸ್ವಚ್ಛವಾಗಿದೆ. ಆದರೆ ಮೊದಲ ಸಾಲಿನಲ್ಲೇ 'ಕರುಳು ನಮ್ಮ ಎರಡನೆಯ ಮಿದುಳು' ಎಂದು ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕು. ಅಮೆರಿಕದ ಮೈಕೆಲ್ ಗರ್ಶನ್ 1990ರ ದಶಕದಲ್ಲಿ ಜನಪ್ರಿಯಗೊಳಿಸಿದ ಮಾತದು. ಕರುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಹಿಂದೆ ದಶಕಗಟ್ಟಲೆ ದುಡಿದವರು ಅವರು. ಅವರ ಬಾಯಲ್ಲಿ ಆ ಮಾತಿಗೆ ತೂಕವಿತ್ತು. ಈಗ ಅದು ಜಾಹೀರಾತಿನವರ ಸ್ವತ್ತಾಗಿದೆ. ಅದೂ ಹೋಗಲಿ ಎನ್ನೋಣ. ನೋವಿನ ವಿಷಯದಲ್ಲಿ ಆ ಮಾತು ದಾರಿ ತಪ್ಪಿಸುತ್ತದೆ, ನಿನ್ನನ್ನು ಎರಡನೆಯ ಪುಟದಲ್ಲೇ ತಪ್ಪಿಸಿದೆ. 'ಕರುಳಿನ ನರಜಾಲವು ನೋವನ್ನು ಮಿದುಳಿಗೆ ರವಾನಿಸುತ್ತದೆ' ಎಂದು ಸಲೀಸಾಗಿ ಬರೆದುಬಿಟ್ಟಿದ್ದೀಯ. ಅದೇಕೆ ತಪ್ಪು ಎಂದು ಹೇಳುತ್ತೇನೆ, ಕೇಳು.

ನಾನು ಶರೀರಕ್ರಿಯಾಶಾಸ್ತ್ರ ಕಲಿಸಲು ಆರಂಭಿಸಿದಾಗ ಮೊಲದ ಕರುಳಿನ ಪ್ರಯೋಗ ಇನ್ನೂ ಪಾಠಪಟ್ಟಿಯಲ್ಲಿತ್ತು. ಎರಡು ಮೂರು ಸೆಂಟಿಮೀಟರಿನ ತುಂಡನ್ನು ಗಾಜಿನ ಕೊಳವೆಯಲ್ಲಿ ಟೈರೋಡ್ ಎಂಬ ಲವಣ ದ್ರಾವಣದೊಳಗೆ ಇಳಿಬಿಟ್ಟು, 37 ಡಿಗ್ರಿ ಶಾಖದಲ್ಲಿಟ್ಟು, ಕೆಳಗಿನಿಂದ ಆಮ್ಲಜನಕದ ಗುಳ್ಳೆಗಳನ್ನು ಬಿಡುತ್ತಿದ್ದೆವು. ತುಂಡಿಗೆ ಕಟ್ಟಿದ ದಾರದ ಇನ್ನೊಂದು ತುದಿ ಸನ್ನೆಕೋಲಿಗೆ, ಅದರ ಮೊನೆ ಮಸಿ ಹಿಡಿಸಿದ ಕಾಗದ ಸುತ್ತಿದ, ತಿರುಗುವ ಉರುಳೆಗೆ. ದೇಹದಿಂದ ಬೇರೆಯಾದ ಆ ತುಂಡು ತನ್ನ ಪಾಡಿಗೆ ಹಿಗ್ಗುತ್ತ ಕುಗ್ಗುತ್ತ ಕರಿಯ ಕಾಗದದ ಮೇಲೆ ಬಿಳಿಯ ಅಲೆಗಳನ್ನು ಬರೆಯುತ್ತಿತ್ತು. ಅಸಿಟೈಲ್‌ಕೋಲೀನ್ ಹನಿಸಿದರೆ ಗೆರೆ ಜಿಗಿಯುತ್ತಿತ್ತು, ಅಡ್ರಿನಲಿನ್ ಹನಿಸಿದರೆ ಮಲಗಿಬಿಡುತ್ತಿತ್ತು. ವಿದ್ಯಾರ್ಥಿಗಳಿಗೆ ಬಲು ಖುಷಿ; ನರಗಳೇ ಬಡಿಯುತ್ತಿವೆ ಎನ್ನುತ್ತಿದ್ದರು. ಆ ಲಯ ಹುಟ್ಟುವುದು ಕರುಳಿನ ಸ್ನಾಯುಗಳ ನಡುವೆ ಇರುವ ಕಹಾಲ್ ಎಂಬ ಜೀವಕೋಶಗಳಿಂದ, ನರಗಳಿಂದಲ್ಲ ಎಂದು ನಾನು ಪ್ರತಿ ವರ್ಷವೂ ರಸಭಂಗ ಮಾಡುತ್ತಿದ್ದೆ.

ನರಜಾಲದ ನಿಜವಾದ ಕೆಲಸ ಕಾಣುವುದು ಒಳಗೊಂದು ಉಂಡೆ ಇಟ್ಟಾಗ. ಹಿಂದೆ ಬಿಗಿತ, ಮುಂದೆ ಸಡಿಲಿಕೆ, ಉಂಡೆ ಮುಂದಕ್ಕೆ. ಇಂಗ್ಲೆಂಡಿನ ಶರೀರಕ್ರಿಯಾಶಾಸ್ತ್ರಜ್ಞರಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ ಪ್ರಕಟಿಸಿದ್ದು ಇದನ್ನೇ: ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿದ ಮೇಲೂ ನಾಯಿಯ ಕರುಳು ಈ ಕೆಲಸವನ್ನು ಬಿಡಲಿಲ್ಲ. ಮೈಸ್ನರ್ 1857ರಲ್ಲಿ ಲೋಳೆಪೊರೆಯ ಕೆಳಗೆ, ಔಯರ್ಬಾಖ್ 1860ರ ದಶಕದಲ್ಲಿ ಸ್ನಾಯುಪದರಗಳ ನಡುವೆ ಗುರುತಿಸಿದ ಜಾಲಗಳಿಗೆ ಕೊನೆಗೊಂದು ಕೆಲಸ ಸಿಕ್ಕಿತು. ಅನ್ನನಾಳದಿಂದ ಗುದದವರೆಗೆ ಹತ್ತಾರು ಕೋಟಿ ನರಕೋಶಗಳು. ಯಾರ ಅಪ್ಪಣೆಗೂ ಕಾಯದೆ ಊಟವನ್ನು ಸಾಗಿಸುತ್ತವೆ. ಅದಕ್ಕೆ ನಾನೂ ತಲೆಬಾಗುತ್ತೇನೆ.

ಆದರೆ ಗಾಜಿನ ಕೊಳವೆಯ ಆ ತುಂಡಿಗೆ ನೋವಾಗುತ್ತಿರಲಿಲ್ಲ, ಶಾಂಭವಿ. ನೋವಿನ ಸುದ್ದಿ ಒಯ್ಯುವ ತಂತುಗಳು ಹೊರಡುವ ನರಕೋಶಗಳು ಕರುಳಿನ ಗೋಡೆಯಲ್ಲಿಲ್ಲ, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿವೆ. ಅಲ್ಲಿಂದ ಆ ತಂತುಗಳು ಸ್ಪ್ಲಾಂಕ್ನಿಕ್ ಮತ್ತು ಪೆಲ್ವಿಕ್ ನರಗಳ ಮೂಲಕ ಬಂದು ಕರುಳಿನಲ್ಲಿ ತುದಿ ಚಾಚುತ್ತವೆ. ಮಿದುಳಿನ ಬುಡದಿಂದ ನೇರವಾಗಿ ಹೊಟ್ಟೆಗೆ ಇಳಿಯುವ ವೇಗಸ್ ನರ ಹೊಟ್ಟೆ ತುಂಬಿದ್ದು, ವಾಕರಿಕೆ ಇಂಥವನ್ನು ತಿಳಿಸುತ್ತದೆ; ನೋವಿನಲ್ಲಿ ಅದರ ಪಾಲು ಸಣ್ಣದು. ನೋವು ನೋವಾಗುವುದಂತೂ ಮಿದುಳಿನಲ್ಲೇ. ಹೀಗಾಗಿ ಕರುಳನ್ನು ನಡೆಸುವ ವ್ಯವಸ್ಥೆ ಒಂದು, ಕರುಳಿನ ನೋವನ್ನು ಒಯ್ಯುವ ವ್ಯವಸ್ಥೆ ಇನ್ನೊಂದು. ಇವೆರಡೂ ಪರಸ್ಪರ ಮಾತಾಡುವ ಜಾಗ ಯಾವುದು, ಆ ತಂತುಗಳ ತುದಿಗೆ ಕಿಡಿ ಹಚ್ಚುವವರು ಯಾರು, ಅಲ್ಲಿದೆ ನಿನ್ನ ಪಿಎಚ್.ಡಿ. ಸೆರೊಟೋನಿನ್ ಸುರಿಸುವ ಎಂಟರೊಕ್ರೊಮಾಫಿನ್ ಕೋಶಗಳು, ಹಿಸ್ಟಮಿನ್ ಸುರಿಸುವ ಮಾಸ್ಟ್ ಎಂಬ ರಕ್ಷಣಾ ಕೋಶಗಳು, ನರಜಾಲ, ಎಲ್ಲರ ಮೇಲೂ ಅನುಮಾನವಿದೆ. ಒಬ್ಬರನ್ನು ಹಿಡಿದು ವಿಚಾರಿಸು. ಎಲ್ಲರನ್ನೂ ಒಂದೇ ಪ್ರಸ್ತಾವದಲ್ಲಿ ಕಟಕಟೆಗೆ ಏರಿಸಲು ಹೋಗಬೇಡ.

ಈ ನೋವಿನ ಸ್ವಭಾವವೇ ವಿಚಿತ್ರ. ಗುದದ ಮೂಲಕ ಕ್ಯಾಮೆರಾ ಕೊಳವೆ ಇಳಿಸುವ ಕೊಲೊನೋಸ್ಕೋಪಿಯಲ್ಲಿ ಕರುಳಿನ ಒಳಪೊರೆಯ ಚೂರನ್ನು ಚಿವುಟಿ ತೆಗೆದರೆ ರೋಗಿಗೆ ಗೊತ್ತೇ ಆಗುವುದಿಲ್ಲ. ಗಾಳಿ ತುಂಬಿ ಹಿಗ್ಗಿಸಿದರೆ ನರಳುತ್ತಾನೆ. ಎಲ್ಲಿ ನೋವು ಎಂದು ಕೇಳಿದರೆ ಬೆರಳಿಟ್ಟು ತೋರಿಸಲಾರ, ಅಂಗೈಯನ್ನು ಹೊಟ್ಟೆಯ ಮೇಲೆಲ್ಲ ಆಡಿಸುತ್ತಾನೆ. ಸಣ್ಣ ಕರುಳಿನ ನೋವಾದರೆ ಹೊಕ್ಕುಳ ಸುತ್ತ ಕಾಣುತ್ತದೆ. ಸಣ್ಣ ಕರುಳಿನ ತಂತುಗಳೂ ಹೊಕ್ಕುಳ ಭಾಗದ ಚರ್ಮದ ತಂತುಗಳೂ ಬೆನ್ನುಹುರಿಯ ಒಂದೇ ಮಟ್ಟದಲ್ಲಿ ಕೂಡುತ್ತವೆ, ಮಿದುಳು ಒಳಗಿನದನ್ನು ಹೊರಗಿನದೆಂದು ಓದಿಕೊಳ್ಳುತ್ತದೆ. ಅಪೆಂಡಿಕ್ಸ್ ನೋವೂ ಮೊದಲು ಹೊಕ್ಕುಳಿನ ಸುತ್ತಲೇ ಶುರುವಾಗಿ, ಉರಿಯೂತ ಉದರದ ಗೋಡೆಯ ಪೊರೆಗೆ ತಾಗಿದ ಮೇಲೆ ಬಲಗಡೆ ಕೆಳಗಿಳಿಯುತ್ತದೆ. ಬಟ್ಟಿ ಬಿದ್ದಿದೆ, ಅಂದರೆ ಹೊಕ್ಕುಳು ಸರಿದಿದೆಯೆಂದು ಹೊಕ್ಕುಳನ್ನು ತಿಕ್ಕಿಸಿಕೊಂಡು, ತಡವಾಗಿ ಆಸ್ಪತ್ರೆಗೆ ಬಂದವರನ್ನು ನಮ್ಮ ಕಡೆ ಯಾವ ಶಸ್ತ್ರವೈದ್ಯರನ್ನು ಕೇಳಿದರೂ ನೆನೆಸಿಕೊಳ್ಳುತ್ತಾರೆ.

ಗಾಯವಿಲ್ಲದೆ ನೋವು ಹೇಗೆ ಎಂದು ನಿನ್ನ ಅಪ್ಪ ಕೇಳಿದನಂತೆ. ಬ್ಯಾಡಗಿಯಲ್ಲಿ ಅಂಗಡಿ ಇಟ್ಟುಕೊಂಡು ಈ ಪ್ರಶ್ನೆ ಕೇಳುತ್ತಾನಲ್ಲ! ಸುಗ್ಗಿಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಕೈಗಳನ್ನು ನೀನೇ ನೋಡಿದ್ದೀಯ. ಸುಟ್ಟ ಗಾಯವಿಲ್ಲ, ಬೊಬ್ಬೆಯಿಲ್ಲ. ಆದರೂ ಸಂಜೆ ಬೆರಳಿನ ಸಂದುಗಳು ಉರಿಯುತ್ತವೆ, ನೀರಿಗೆ ಜಗ್ಗುವುದಿಲ್ಲ, ಎಣ್ಣೆ ತಿಕ್ಕಬೇಕು. ಬ್ಯಾಡಗಿ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಅದೇ ಇಷ್ಟು ಮಾಡುತ್ತದೆ. ನೋವಿನ ತಂತುಗಳ ಪೊರೆಯಲ್ಲಿ, ಶಾಖ ಸುಮಾರು 43 ಡಿಗ್ರಿ ದಾಟಿದಾಗ ತೆರೆಯಬೇಕಾದ ಟಿಆರ್‌ಪಿವಿ1 ಎಂಬ ಬಾಗಿಲನ್ನು ಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಮೈಶಾಖದಲ್ಲೇ ತೆರೆದುಬಿಡುತ್ತದೆ. ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಅದನ್ನು ಪತ್ತೆಹಚ್ಚಿತು; 2021ರಲ್ಲಿ ಅವರಿಗೂ, ಒತ್ತಡ ಅರಿಯುವ ಪೀಝೊ ಬಾಗಿಲುಗಳನ್ನು ಕಂಡ ಆರ್ಡೆಮ್ ಪಟಪೌಟಿಯನ್‌ಗೂ ನೊಬೆಲ್ ಬಂತು. ಎರಡೂ ಬಗೆಯ ಬಾಗಿಲು ಕರುಳಿಗೆ ಬರುವ ತಂತುಗಳಲ್ಲೂ ಇವೆ. ಅವು ಅಗತ್ಯಕ್ಕಿಂತ ಸುಲಭವಾಗಿ ತೆರೆಯತೊಡಗಿದರೆ, ಮಾಮೂಲಿ ಊಟ ಹಿಗ್ಗಿಸುವಷ್ಟು ಹಿಗ್ಗಿಗೂ ಹೊಟ್ಟೆ ನುಲಿಯುತ್ತದೆ. ಎಂಡೋಸ್ಕೋಪಿಗೆ ಕರುಳಿನ ಬಣ್ಣ, ಆಕಾರ ಕಾಣುತ್ತವೆ. ತಂತುಗಳ ಈ ಹದ ಕಾಣುವುದಿಲ್ಲ. 'ನಾರ್ಮಲ್' ಎಂಬ ವರದಿ ಹಿಡಿದು, ಸುಳ್ಳುಗಾರ್ತಿ ಎನ್ನಿಸಿಕೊಂಡು ಮನೆಗೆ ಹೋಗುವ ಸೊಸೆಯಂದಿರು ನಮ್ಮಲ್ಲಿ ಎಷ್ಟಿಲ್ಲ! ಹಾಗೆಂದು ಮಲದಲ್ಲಿ ರಕ್ತ, ತೂಕ ಇಳಿಕೆ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಇದ್ದವರನ್ನು ಕೆರಳುವ ಕರುಳು (ಐಬಿಎಸ್) ಎನ್ನುವ ಈ ಗುಂಪಿಗೆ ಸೇರಿಸುವ ಉತ್ಸಾಹವೂ ಬೇಡ.

ಇಲ್ಲಿ ನಿನಗೊಂದು ಊರಿನ ಕೆಲಸ ಇದೆ ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಕೆನಡಾದ ವಾಕರ್ಟನ್ ಎಂಬ ಪುಟ್ಟ ಊರಿನಲ್ಲಿ 2000ದಲ್ಲಿ ಕುಡಿಯುವ ನೀರು ಕೆಟ್ಟು ಸಾವಿರಾರು ಜನರಿಗೆ ವಾಂತಿಭೇದಿಯಾಯಿತು. ಮುಂದೆ ವರ್ಷಗಟ್ಟಲೆ ಅವರನ್ನು ಗಮನಿಸಿದಾಗ, ಸೋಂಕು ಹೋದ ಮೇಲೂ ಹಲವರಲ್ಲಿ ಹೊಟ್ಟೆನೋವು ಉಳಿದದ್ದು ಕಂಡಿತು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದರ ಒಂದು ಕಾರಣ: ಸೋಂಕಿನ ಹೊತ್ತಿನಲ್ಲಿ ತಿಂದ ಆಹಾರವನ್ನೇ ಕರುಳು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ, ಮುಂದೆ ಅದೇ ಆಹಾರ ಬಂದಾಗ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಸಿ ನೋವಿನ ತಂತುಗಳನ್ನು ಕೆರಳಿಸುತ್ತವೆ. ನಲ್ಲಿ ನೀರಿಗೆ ದಿನಗಟ್ಟಲೆ ಕಾದು, ಬ್ಯಾರೆಲ್ಲುಗಳಲ್ಲಿ ಹಿಡಿದಿಟ್ಟು ಕುಡಿಯುವ ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಈ ಪ್ರಶ್ನೆಯನ್ನು ಯಾರಾದರೂ ತಾಳ್ಮೆಯಿಂದ ಕೇಳಬೇಕು.

ನಿನ್ನ ಪ್ರಯೋಗದ ವಿಧಾನದ ಬಗ್ಗೆಯೂ ಒಂದು ಮಾತು. ಇಲಿಯ ದೊಡ್ಡ ಕರುಳಿನಲ್ಲಿ ಬಲೂನು ಉಬ್ಬಿಸಿ, ಹೊಟ್ಟೆಯ ಸ್ನಾಯು ಎಷ್ಟು ಬಿಗಿಯುತ್ತದೆ ಎಂದು ಅಳೆದು, ಅದಕ್ಕೆ 'ನೋವು' ಎಂದು ಹೆಸರಿಟ್ಟಿದ್ದೀಯ. ನೀನು ಅಳೆಯುತ್ತಿರುವುದು ಪ್ರತಿವರ್ತನೆಯನ್ನು. ಹಾಗೆಂದೇ ಬರೆ. ರಿಚಿ ಎಂಬ ವೈದ್ಯರು 1973ರಲ್ಲಿ ಇದೇ ಬಲೂನು ಪ್ರಯೋಗವನ್ನು ಮನುಷ್ಯರಲ್ಲಿ ಮಾಡಿ, ಕೆರಳುವ ಕರುಳಿನ ರೋಗಿಗಳಿಗೆ ಕಡಿಮೆ ಹಿಗ್ಗಿಗೇ ನೋವಾಗುತ್ತದೆ ಎಂದು ತೋರಿಸಿದರು. ಅವರ ರೋಗಿಗಳು ಬಾಯಿಬಿಟ್ಟು ಹೇಳಿದ್ದರು; ನಿನ್ನ ಇಲಿ ಹೇಳುವುದಿಲ್ಲ. ಆದ್ದರಿಂದ ವಾರಕ್ಕೊಂದು ಬೆಳಿಗ್ಗೆ ಯಾವುದಾದರೂ ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅನುಮತಿ ಪಡೆದು ಕುಳಿತುಕೋ. ಹಿಂಡುತ್ತದೆ, ಇರಿಯುತ್ತದೆ, ಕಿವುಚುತ್ತದೆ ಎಂದು ಜನ ಹೇಳುವುದನ್ನು ಅವರ ಮಾತಿನಲ್ಲೇ ಬರೆದುಕೋ. ಮಾರ್ಗದರ್ಶಕರು ಇದನ್ನು ಸಮಯ ಹಾಳು ಎನ್ನಬಹುದು. ವಾದಿಸಬೇಡ, ರಜೆಯ ದಿನ ಹೋಗು. ಫಲಿತಾಂಶ ಬಾರದ ಪ್ರಯೋಗಗಳ ಪುಟಗಳನ್ನು ಮಾತ್ರ ಹರಿದುಹಾಕಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ಫೆಲೋಶಿಪ್ ಹಣ ತಡವಾದರೆ ಅಪ್ಪನಿಗೆ ಹೇಳಲು ಹೋಗಿ ಮಾತು ಕೇಳಬೇಡ, ನನಗೆ ಒಂದು ಫೋನ್ ಮಾಡು. ನನ್ನ ಪಿಂಚಣಿ ತಿಂಗಳ ಮೊದಲ ವಾರದಲ್ಲೇ ಬರುತ್ತದೆ, ಖರ್ಚಾದರೂ ಏನಿದೆ.

ಇತಿ ನಿನ್ನ
ದೊಡ್ಡಮ್ಮ