ವಾಪಸು ದಾರಿಗೂ ಕಾಲು ಬೇಕು

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಮೊನ್ನೆ ನೀನು ಫೋನು ಮಾಡಿದಾಗ ನಾನು ಅರೆನಿದ್ದೆಯಲ್ಲಿದ್ದೆ. ಅದಕ್ಕೇ "ಹೋಗಿ ಬನ್ನಿ, ಒಳ್ಳೆಯದು" ಅಂದುಬಿಟ್ಟೆ. ಆಮೇಲೆ ಎದ್ದು ಕನ್ನಡಕ ಹಾಕಿಕೊಂಡು ನೀನು ಕಳಿಸಿದ ನಕ್ಷೆ ನೋಡಿದೆ. ಹೋಗಿ ಬರುವುದು ಸೇರಿ 9 ಕಿಲೋಮೀಟರ್, 300 ಮೀಟರ್ ಏರು, ಕೊನೆಗೊಂದು ಜಲಪಾತ. ಹೊರಟವರು ಯಾರು ಅಂದರೆ ನೀವಿಬ್ಬರು, ಐದೂವರೆ ವರ್ಷದ ಹುಡುಗಿ, ಹದಿನಾಲ್ಕು ತಿಂಗಳ ಪುಟಾಣಿ. ನನಗಿದ್ದ ಅಷ್ಟಿಷ್ಟು ನಿದ್ದೆಯೂ ಹಾರಿಹೋಯಿತು. ಹೋಗಬೇಡಿ ಅನ್ನುವುದಕ್ಕೆ ಬರೆಯುತ್ತಿಲ್ಲ. ಮಕ್ಕಳನ್ನು ಕಾಲುದಾರಿಗೆ ಕರೆದುಕೊಂಡು ಹೋಗುವ ಬುದ್ಧಿ ನಿಮಗೆ ಬಂದದ್ದೇ ನನಗೆ ಸಂತೋಷ. ಆದರೆ ಮೊದಲ ಸಲಕ್ಕೆ ಆ ದಾರಿ ಬೇಡ.

ಲೆಕ್ಕ ಹೇಳುತ್ತೇನೆ ಕೇಳು. 1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ನಡಿಗೆಗೆ ಒಂದು ಸೂತ್ರ ಕೊಟ್ಟ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇವತ್ತಿಗೂ ನಡೆಯುವವರು ಅದನ್ನೇ ಬಳಸುತ್ತಾರೆ. ಅದರಂತೆ ನಿಮ್ಮ ದಾರಿಗೆ ಎರಡು ಕಾಲು ಗಂಟೆ ಸಾಕು. ಆದರೆ ಅವನ ಲೆಕ್ಕ ಗಟ್ಟಿ ಕಾಲಿನ, ನಡುವೆ ಎಲ್ಲೂ ನಿಲ್ಲದ ದೊಡ್ಡವರದ್ದು. ಇರುವೆ ಸಾಲು ಕಂಡಲ್ಲೆಲ್ಲ ಕುಕ್ಕರಗಾಲಲ್ಲಿ ಕೂರುವ ಹುಡುಗಿಯದ್ದಲ್ಲ. ಆ ವಯಸ್ಸಿನ ಮಗುವಿಗೆ ನಾನು ಹಿಡಿಯುವುದು ಗಂಟೆಗೆ ಒಂದೂವರೆ ಕಿಲೋಮೀಟರ್. ಅಂದರೆ ಆರು ಗಂಟೆ. ಚಿಕ್ಕವನ ಡೈಪರ್ ಬದಲಿಸುವುದು, ಹಟ, ಸಮಾಧಾನ ಇವೆಲ್ಲ ಬೇರೆ.

ಇಷ್ಟು ನಿಖರವಾಗಿ ಹೇಳುವ ಹಕ್ಕು ನನಗೆ ಹೇಗೆ ಬಂತು ಅಂತ ನೀನು ಕೇಳಬಹುದು. ಕೆಟ್ಟು ಕಲಿತದ್ದು. ನನ್ನ ಮಗನಿಗೆ ಆಗ ಆರು ವರ್ಷ. ಒಂದು ಗುಡ್ಡಕ್ಕೆ ಕರೆದುಕೊಂಡು ಹೋದೆ. ಹತ್ತುವಾಗ ಹುಡುಗ ಮೇಕೆಮರಿಯ ಹಾಗೆ ಮುಂದೆ ಮುಂದೆ ಓಡಿದ. ನನಗೋ ಹೆಮ್ಮೆ, ಎದುರು ಸಿಕ್ಕವರಿಗೆಲ್ಲ "ಆರೇ ವರ್ಷ ಇವನಿಗೆ" ಅಂತ ಸಾರಿಕೊಂಡು ನಡೆದೆ. ತುದಿ ಮುಟ್ಟಿದೆವು, ಫೋಟೋ ತೆಗೆದೆವು. ಇಳಿಯಲು ಶುರುಮಾಡಿ ಅರ್ಧ ಗಂಟೆಯೂ ಆಗಿರಲಿಲ್ಲ, ದಾರಿಯ ಮಧ್ಯೆ ಕೂತುಬಿಟ್ಟ. ಅಳಲಿಲ್ಲ, ರಂಪ ಮಾಡಲಿಲ್ಲ. "ಅಪ್ಪಾ, ಕಾಲು ಮುಗಿದೋಯ್ತು" ಅಂದ. ಉಳಿದ ಎರಡು ಗಂಟೆ ಅವನನ್ನು ಹೆಗಲ ಮೇಲೆ ಹೊತ್ತು ಇಳಿದೆ. ಕತ್ತಲಾಯಿತು, ಟಾರ್ಚ್ ತಂದಿರಲಿಲ್ಲ, ಕೊನೆಯ ತಿರುವಿನಲ್ಲಿ ನನ್ನ ಪಾದ ಉಳುಕಿತು. ಹೊತ್ತಿದ್ದ ಮಗುವಿನ ಸಮೇತ ಬೀಳಲಿಲ್ಲ ಅನ್ನುವುದು ಅದೃಷ್ಟ ಅಷ್ಟೆ. ನಿನ್ನ ಅತ್ತೆ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಆಮೇಲೆ ಅರ್ಥವಾಯಿತು. ನಾವು ದೊಡ್ಡವರು ಬರುವ ದಾರಿಗೆ ಅಂತ ಒಂದಿಷ್ಟು ಶಕ್ತಿ ಎತ್ತಿಟ್ಟುಕೊಂಡೇ ನಡೆಯುತ್ತೇವೆ. ಮಕ್ಕಳಿಗೆ ಆ ಕೂಡಿಡುವ ಬುದ್ಧಿ ಇರುವುದಿಲ್ಲ. ಇದ್ದದ್ದನ್ನೆಲ್ಲ ಖರ್ಚು ಮಾಡಿ ಒಮ್ಮೆಲೇ ಖಾಲಿಯಾಗುತ್ತವೆ. ಆದ್ದರಿಂದ ಮಗು ಖುಷಿಯಾಗಿ ಓಡುತ್ತಿದೆ ಅನ್ನುವುದು ಮುಂದೆ ಹೋಗುವುದಕ್ಕೆ ಕಾರಣವೇ ಅಲ್ಲ. ಅದು ಇನ್ನೂ ಓಡುತ್ತಿರುವಾಗಲೇ ನೀನು ಹಿಂತಿರುಗಬೇಕು. ಹೊರಗಿರುವುದು ಮೂರು ಗಂಟೆ ಅಂತ ತೀರ್ಮಾನಿಸಿದ್ದರೆ ಒಂದು ಗಂಟೆ ಆದ ಕೂಡಲೇ ತಿರುಗು, ಆ ಹೊತ್ತಿಗೆ ಎಲ್ಲಿರುತ್ತೀರೋ ಅಲ್ಲಿಂದಲೇ. ತಿರುಗುವ ಗಂಟೆ ಎಷ್ಟು ಅಂತ ಮನೆಯಲ್ಲೇ ನೀನೂ ಅಳಿಯಂದಿರೂ ಮಾತಾಡಿಕೊಂಡಿರಿ. ಅಲ್ಲಿ ನಿಂತು ಚರ್ಚೆಗೆ ಇಳಿದರೆ "ಇಷ್ಟು ದೂರ ಬಂದಾಯ್ತಲ್ಲ" ಅನ್ನುವ ಮಾತೇ ಗೆಲ್ಲುತ್ತದೆ. ಅಳಿಯಂದಿರು ಆ ಮಾತು ಆಡಬಲ್ಲವರು, ನನಗೆ ಗೊತ್ತು. ನಾನೂ ಹಾಗೇ ಇದ್ದೆ.

ಇದೇ ಕಾರಣಕ್ಕೆ ಸುತ್ತುಹಾಕಿಕೊಂಡು ಬರುವ ದಾರಿ ಆರಿಸಬೇಡ. ನೋಡುವುದಕ್ಕೆ ಚೆಂದ, ಒಂದೇ ಜಾಗ ಎರಡು ಸಲ ಬರುವುದಿಲ್ಲ. ಆದರೆ ಅರ್ಧ ದಾಟಿದ ಮೇಲೆ ಹಿಂದೆ ಹೋದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ ದೂರ. ಹೋದ ದಾರಿಯಲ್ಲೇ ಬರುವಂಥದ್ದಾದರೆ ಎಲ್ಲಿ ಬೇಕಾದರೂ ತಿರುಗಬಹುದು. ಒಂದೇ ದಾರಿ ಎರಡು ಸಲ ನಡೆದರೆ ಬೇಸರ ಅನ್ನುವುದು ನಮಗೆ. ಮಗುವಿಗೆ ಆ ಕಲ್ಲು ಮತ್ತೆ ಸಿಕ್ಕಿತು ಅನ್ನುವುದೇ ಸಂಭ್ರಮ. ಮೊದಲ ಕೆಲವು ಸಲ ಒಟ್ಟು ಎರಡು ಕಿಲೋಮೀಟರ್ ಸಾಕು. ಅಷ್ಟರಲ್ಲಿ ಒಂದು ಆಳವಿಲ್ಲದ ತೊರೆ, ಹತ್ತಿ ಇಳಿಯಲು ನಾಲ್ಕು ಬಂಡೆ ಇದ್ದರೆ ಇನ್ನೇನು ಬೇಕು?

ಇನ್ನೊಂದು, ಸುಳ್ಳು ಹೇಳಬೇಡ. "ಇನ್ನೇನು ಹತ್ತೇ ನಿಮಿಷ ಕಂದಾ" ಅಂತ ನಾಲ್ಕು ಸಲ ಹೇಳಿದರೆ ಐದನೆಯ ಸಲ ನೀನು ಹೇಳುವ ಯಾವ ಮಾತನ್ನೂ ಅವಳು ನಂಬುವುದಿಲ್ಲ. "ಅಲ್ಲಿ ನಿಲ್ಲು" ಅಂದದ್ದನ್ನೂ. ಗಡಿಯಾರದ ನಿಮಿಷ ಅವಳಿಗೆ ಅರ್ಥವಾಗುವುದಿಲ್ಲ. ಕಣ್ಣಿಗೆ ಕಾಣುವ ಗುರುತು ಹೇಳು. ಆ ವಾಲಿದ ಮರ, ಆಮೇಲೆ ನೀರಿನ ಸದ್ದು, ಆಮೇಲೆ ಕೂರುವುದು. ಹಸಿವಾಯಿತು ಅಂತ ಅವಳೇ ಹೇಳುವ ತನಕವೂ ಕಾಯಬೇಡ. ಮಕ್ಕಳ ಹಸಿವು ಮೊದಲು ಸಿಟ್ಟಾಗಿ ಬರುತ್ತದೆ. ಅರ್ಧ ಗಂಟೆಗೊಮ್ಮೆ ಎರಡು ಗುಟುಕು ನೀರು, ಒಂದು ತುತ್ತು ತಿಂಡಿ, ಅದೂ ಕೂತುಕೊಂಡು. ನಡೆಯುತ್ತಾ ತಿನ್ನಿಸಬೇಡ. ಇಡೀ ಬೀಜ, ಗಟ್ಟಿ ಮಿಠಾಯಿ ಗಂಟಲಿಗೆ ಸಿಕ್ಕಿಕೊಂಡರೆ ಕಾಡಿನಲ್ಲಿ ಓಡಿ ಬರುವವರು ಯಾರು?

ಈಗ ಚಿಕ್ಕವನ ವಿಷಯ. ಮಗುವನ್ನು ಕೂರಿಸಿ ಬೆನ್ನಿಗೆ ಹಾಕಿಕೊಳ್ಳುವ ಕ್ಯಾರಿಯರ್‌ನಲ್ಲಿ ಹೊರುವುದು ಸುಲಭ ಅಂತ ನೀನು ಅಂದುಕೊಂಡಿದ್ದೀಯ. ಅಂಥ ಕ್ಯಾರಿಯರ್‌ಗೆ ಒಂದು ಮಿತಿ ಇರುತ್ತದೆ, ಸಾಮಾನ್ಯವಾಗಿ ಮಗು, ಸಾಮಾನು, ಕ್ಯಾರಿಯರ್ ಎಲ್ಲ ಸೇರಿ 22 ಕೆ.ಜಿ. ಆಸುಪಾಸು. ನಿನ್ನದರ ಪಟ್ಟಿಯ ಮೇಲೆ ಎಷ್ಟು ಬರೆದಿದೆ ನೋಡು. ಆದರೆ ಭಾರಕ್ಕಿಂತ ಹೆಚ್ಚಾಗಿ ಜನ ಮರೆಯುವುದು ಬೇರೆ. ನೀನು ನಡೆಯುತ್ತೀಯ, ಮೈ ಬಿಸಿಯಾಗುತ್ತದೆ, ಬೆವರುತ್ತೀಯ. ಬೆನ್ನ ಮೇಲಿರುವವನು ಅಲುಗಾಡದೆ ಕೂತಿರುತ್ತಾನೆ. ಪುಟ್ಟ ಮೈ ನಮಗಿಂತ ಬೇಗ ಕಾವು ಕಳೆದುಕೊಳ್ಳುತ್ತದೆ. ಸಾವಿರ ಮೀಟರ್ ಏರಿದರೆ ಗಾಳಿ ಸುಮಾರು 6.5 ಡಿಗ್ರಿ ತಣ್ಣಗಾಗುತ್ತದೆ ಅನ್ನುತ್ತಾರೆ. ನಿಮ್ಮ ಗುಡ್ಡಕ್ಕೆ ಅದು ಎರಡೇ ಡಿಗ್ರಿ, ಆದರೆ ಬಯಲಿಗೆ ಬಂದಾಗ ಬೀಸುವ ಗಾಳಿಯನ್ನೂ ಲೆಕ್ಕಕ್ಕೆ ಹಿಡಿ. ನಿನಗೆ ಸೆಕೆಯಾಗುತ್ತಿದೆ ಅಂತ ಅವನಿಗೂ ಸೆಕೆ ಅಂದುಕೊಳ್ಳಬೇಡ. ಆಗಾಗ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡು, ಕೈಬೆರಳು ನಂಬಬೇಡ. ನೇತಾಡುವ ಕಾಲು ಜೋಮು ಹಿಡಿಯುತ್ತದೆ, ಗಂಟೆಗೊಮ್ಮೆ ಇಳಿಸಿ ಒದ್ದಾಡಲು ಬಿಡು. ಒದ್ದೆಯಾದ ಹತ್ತಿ ಬಟ್ಟೆ ಮೈಗೆ ಅಂಟಿಕೊಂಡು ಚಳಿ ಹೆಚ್ಚಿಸುತ್ತದೆ, ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೋ.

ಅವನ ತಲೆ ನಿನ್ನ ತಲೆಗಿಂತ ಎತ್ತರದಲ್ಲಿರುತ್ತದೆ ಅನ್ನುವುದೂ ನೆನಪಿರಲಿ. ನಿನಗೆ ತಾಗದ ಕೊಂಬೆ ಅವನ ಹಣೆಗೆ ಬಡಿಯುತ್ತದೆ. ಶೂ ಲೇಸು ಕಟ್ಟಲು ಬಗ್ಗಿದೆಯೋ, ಅವನು ನಿನ್ನ ತಲೆಯ ಮೇಲಿಂದ ಮುಂದಕ್ಕೆ ಜಾರುತ್ತಾನೆ. ಬಗ್ಗುವ ಕೆಲಸವೆಲ್ಲ ಅಳಿಯಂದಿರಿಗೆ ಬಿಡು.

ದೊಡ್ಡವಳಿಗೆ ಅವಳದೇ ಒಂದು ಚೀಲ ಕೊಡು. ಭಾರ ಅವಳ ತೂಕದ ಹತ್ತನೇ ಒಂದು ಭಾಗದೊಳಗೆ ಇರಲಿ. ಒಂದು ಪುಟ್ಟ ನೀರಿನ ಬಾಟಲಿ, ಒಂದು ಜಾಕೆಟ್, ಉಳಿದ ಜಾಗ ಅವಳು ಹೆಕ್ಕುವ ಕಡ್ಡಿ ಕಸಕ್ಕೆ. ವಿಷಲ್ ಮಾತ್ರ ಚೀಲದಲ್ಲಿ ಬೇಡ, ಅಂಗಿಗೆ ಸಿಕ್ಕಿಸು. ಚೀಲ ಇಳಿಸಿಟ್ಟು ಚಿಟ್ಟೆಯ ಹಿಂದೆ ಹೋದರೂ ಅದು ಮೈಮೇಲೇ ಇರಬೇಕು.

ಕಾಡಿನಲ್ಲಿ ದಾರಿ ತಪ್ಪುವ ಮಾತು ಎತ್ತಿದರೆ ಮಗು ಹೆದರುತ್ತದೆ ಅಂತ ನಿನ್ನಮ್ಮ ಹೇಳುತ್ತಾಳೆ. ಅವಳ ಮಾತು ಕೇಳಬೇಡ, ಇದೊಂದರಲ್ಲಿ ಮಾತ್ರ. 1981ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಬೆಟ್ಟದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಮನೆಯವರಿಂದ ತಪ್ಪಿಸಿಕೊಂಡು ಜೀವ ಕಳೆದುಕೊಂಡ. ಅವನನ್ನು ಹುಡುಕಲು ಹೋಗಿದ್ದವರ ಮನಸ್ಸಿಗೆ ಅದು ಎಷ್ಟು ನಾಟಿತೆಂದರೆ, ಅದರ ಬೆನ್ನಿಗೇ ಮಕ್ಕಳಿಗಾಗಿ ಒಂದು ಪಾಠ ರೂಪಿಸಿದರು. ಅದರ ಹೆಸರು 'ಹಗ್ ಎ ಟ್ರೀ', ಅಂದರೆ ಮರವನ್ನು ತಬ್ಬಿಕೋ. ದಾರಿ ತಪ್ಪಿತು ಅನ್ನಿಸಿದ ತಕ್ಷಣ ಹತ್ತಿರದ ಮರದ ಪಕ್ಕ ನಿಲ್ಲುವುದು, ಅಲ್ಲಿಂದ ಕದಲದಿರುವುದು. ಹುಡುಕುವವರಿಗೆ ಅತಿ ಕಷ್ಟವೆಂದರೆ ನಡೆಯುತ್ತಲೇ ಇರುವ ಮಗು. ಮರವನ್ನು ಹಿಡಿದುಕೊಂಡರೆ, ಅದರ ಜೊತೆ ಮಾತಾಡಿದರೆ, ಗಾಬರಿಯೂ ಇಳಿಯುತ್ತದೆ. ಇದನ್ನು ಆಟದ ಹಾಗೆ ಕಲಿಸು. ಮೊದಲ ನಡಿಗೆಯಲ್ಲೇ "ನಿನ್ನ ಮರ ಯಾವುದು ತೋರಿಸು" ಅಂತ ಕೇಳು, ಮೂರು ಸಲ ವಿಷಲ್ ಊದಿಸು. ಗುಡುಗುವಾಗ ಮಾತ್ರ ಒಂಟಿಯಾಗಿ ನಿಂತ ಎತ್ತರದ ಮರ ಬೇಡ ಅಂತ ಸೇರಿಸು. ಯಾಕೆ ಅಂತ ಖಂಡಿತ ಕೇಳುತ್ತಾಳೆ, ಉತ್ತರ ಸಿದ್ಧ ಮಾಡಿಕೊಂಡಿರು.

ಮಕ್ಕಳು ಹುಡುಕುವವರಿಗೇ ಹೆದರಿ ಅಡಗಿಕೊಳ್ಳುವುದೂ ಉಂಟು. ಅಪರಿಚಿತರ ಹತ್ತಿರ ಮಾತಾಡಬೇಡ ಅಂತ ನಾವೇ ಹೇಳಿಕೊಟ್ಟಿರುತ್ತೇವಲ್ಲ. ಕಾಡಿನಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಓಗೊಡಬೇಕು, ಯಾರೂ ಬೈಯುವುದಿಲ್ಲ ಅಂತ ಮೊದಲೇ ಹೇಳಿಡು. ಹೊರಡುವ ಬೆಳಿಗ್ಗೆ, ಆ ದಿನದ ಬಟ್ಟೆಯಲ್ಲೇ, ಇಬ್ಬರ ಫೋಟೋ ತೆಗೆದುಕೋ. ಬಟ್ಟೆ ಗಾಢ ಬಣ್ಣದ್ದಿರಲಿ, ಹಸಿರು ಬೇಡ. ಆ ಪಾಠದಲ್ಲಿ ಇನ್ನೊಂದು ಉಪಾಯವಿದೆ. ಅಲ್ಯೂಮಿನಿಯಂ ಫಾಯಿಲ್ ಹಾಳೆಯ ಮೇಲೆ ಮಗುವನ್ನು ಶೂ ಹಾಕಿಸಿ ನಿಲ್ಲಿಸಿದರೆ ಅಡಿಭಾಗದ ಅಚ್ಚು ಮೂಡುತ್ತದೆ, ಹೆಜ್ಜೆಗುರುತು ಹುಡುಕುವವರಿಗೆ ಅದು ದೊಡ್ಡ ಸಹಾಯ. ಎರಡು ಕಿಲೋಮೀಟರಿನ ದಾರಿಗೆ ಇದೆಲ್ಲ ಅತಿಯಾಯಿತು ಅನ್ನಿಸಬಹುದು. ಅವಳಿಗಂತೂ ಫಾಯಿಲ್ ತುಳಿಯುವುದು ಹಬ್ಬ.

ನಡೆಯುವಾಗ ಒಬ್ಬರು ಮುಂದೆ, ಒಬ್ಬರು ಹಿಂದೆ, ಅವಳು ಮಧ್ಯೆ. ಮುಂದೆ ಓಡಿದರೂ ಕವಲು ಬಂದಲ್ಲಿ ನಿಲ್ಲಲೇಬೇಕು ಅನ್ನುವ ಒಂದೇ ಕಟ್ಟಳೆ ಇರಲಿ. ಹತ್ತು ಕಟ್ಟಳೆ ಹೇಳಿದರೆ ಒಂದೂ ಉಳಿಯುವುದಿಲ್ಲ.

ಜಲಪಾತದ ಆಸೆ ನಿನಗೆ ಬಿಟ್ಟಿಲ್ಲ ಅಂತ ನನಗೆ ಗೊತ್ತು. ದೂರದಿಂದ ನೋಡಿ. ಪಾಚಿ ಹಿಡಿದ ಬಂಡೆ ಒಣಗಿದ ಹಾಗೆ ಕಂಡರೂ ಜಾರುತ್ತದೆ. ರಭಸವಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನೇ ಕೆಡವಬಲ್ಲದು, ಅವಳ ಮಾತು ಬೇರೆ ಹೇಳಬೇಕೇ. ನೀವಿರುವಲ್ಲಿ ಬಿಸಿಲಿದ್ದರೂ ಮೇಲೆಲ್ಲೋ ಮಳೆ ಸುರಿದು ಹಳ್ಳ ಏರಬಹುದು. ನೀರು ಕೆಂಪಗಾಗಿ ಕಸಕಡ್ಡಿ ತೇಲಿ ಬರತೊಡಗಿದರೆ ಒಂದು ಕ್ಷಣವೂ ನಿಲ್ಲದೆ ದಡದ ಎತ್ತರಕ್ಕೆ ನಡೆಯಿರಿ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸು, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗಿದರೆ ಸಿಡಿಲು ನಿಮಗೆ ಹತ್ತಿರವೇ ಇದೆ, ನಡಿಗೆ ಅಲ್ಲಿಗೆ ನಿಲ್ಲಿಸಿ ಕಾರಿಗೋ ಗಟ್ಟಿ ಕಟ್ಟಡಕ್ಕೋ ಸೇರಿಕೊಳ್ಳಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಬರಬೇಡಿ.

ಮನೆಗೆ ಬಂದ ಮೇಲೆ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ತೊಡೆಸಂದು, ಮೊಣಕಾಲ ಹಿಂಭಾಗ ನೋಡು. ಉಣ್ಣಿ ಕಚ್ಚಿಕೊಂಡಿದ್ದರೆ ಬೆಂಕಿ, ಎಣ್ಣೆ ಅಂತೆಲ್ಲ ಹೋಗದೆ ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದಂತೆ ಇಟ್ಟು, ಮಗುವನ್ನು ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ. ಬಳಸಿದ ಡೈಪರ್ ಹೂಳಬೇಡ, ಎರಡು ಚೀಲದಲ್ಲಿ ಕಟ್ಟಿ ವಾಪಸು ತಾ. ದೊಡ್ಡವಳಿಗೆ ಅವಸರವಾದರೆ ನೀರಿನಿಂದ ಅರವತ್ತು ಮೀಟರ್ ದೂರ, ಒಂದು ಗೇಣು ಆಳದ ಗುಂಡಿ. ಗುಂಡಿ ಅವಳೇ ತೋಡಲಿ, ಬಹಳ ಇಷ್ಟಪಡುತ್ತಾಳೆ.

ನಿನ್ನ ಅತ್ತೆ ಹಿಂದೆ ನಿಂತು ಓದುತ್ತಿದ್ದಾಳೆ. "ಟಾರ್ಚ್ ಅಂತ ದೊಡ್ಡದಾಗಿ ಬರೆಯಿರಿ" ಅನ್ನುತ್ತಿದ್ದಾಳೆ. ಬರೆದೆ: ಟಾರ್ಚ್. ಹಗಲು ಹೊತ್ತಿನ ನಡಿಗೆಯಾದರೂ.

ಭಾನುವಾರ ಒಂದು ಕೆಲಸ ಮಾಡಿ. ಮಕ್ಕಳನ್ನು ನಮ್ಮ ಹತ್ತಿರ ಬಿಟ್ಟು ನೀವಿಬ್ಬರೇ ಆ ಒಂಬತ್ತು ಕಿಲೋಮೀಟರ್ ನಡೆದು ಬನ್ನಿ. ಜಲಪಾತ ನೋಡಿದ ಹಾಗೂ ಆಯಿತು. ಬರುವಾಗ ಮೊದಲ ಒಂದು ಕಿಲೋಮೀಟರಿನಲ್ಲಿ ಎಲ್ಲಿ ನೆರಳಿದೆ, ಎಲ್ಲಿ ಕವಲಿದೆ, ತೊರೆ ಎಷ್ಟು ಆಳ ಅಂತ ಗುರುತು ಮಾಡಿಕೊಳ್ಳಿ. ಮಕ್ಕಳ ದಾರಿ ಅಷ್ಟೇ. ಕ್ಯಾರಿಯರ್‌ನ ಸೊಂಟದ ಬಕಲ್ ಸಡಿಲವಾಗಿದೆ ಅಂದೆಯಲ್ಲ, ಅದನ್ನೂ ತೆಗೆದುಕೊಂಡು ಬಾ. ರಿಪೇರಿ ಆಗುತ್ತದೋ ಹೊಸದೇ ಬೇಕೋ ನೋಡೋಣ.

ನಿನ್ನ
ಮಾವ